ಸೂಟರ್ ಎಂಬ ಅಡ್ಡಹೆಸರು

ಕೊಲ್ಲಿ ದೇಶದಲ್ಲಿ, ಮುಐದರ್‌ನ ಒಂದು ವಿಲ್ಲಾದ ಹಿಂಭಾಗದಲ್ಲಿ ನಾವು ನಾಲ್ಕು ಜನ ಕನ್ನಡದವರು ಒಟ್ಟಿಗೆ ಇದ್ದೇವೆ. ಶುಕ್ರವಾರದ ಅಡುಗೆ ಪಾಳಿಯ ಮೇಲೆ. ನನ್ನ ಪಾಳಿ ಬಂದಾಗ ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡುತ್ತಿದ್ದೆ. ಅಲ್ ಹಿಲಾಲ್‌ನ ಒಂದು ಆಫೀಸಿನಲ್ಲಿ ಕೆಲಸ ಮಾಡುವ ಕರಾವಳಿಯ ಗೆಳೆಯ ರೊಟ್ಟಿ ಬಡಿಯುವ ಸದ್ದಿಗೇ ಎದ್ದು ಬರುತ್ತಿದ್ದ. "ಎಂತ ಮಾರಾಯ್ರೆ, ಅಡುಗೆಯಾ ಚೆಂಡೆಯಾ?" ಎನ್ನುತ್ತಾ ಮೊದಲ ರೊಟ್ಟಿಯನ್ನು ತವೆಯಿಂದಲೇ ಎಳೆದುಕೊಳ್ಳುತ್ತಿದ್ದ. ಬಾಗಲಕೋಟೆ ಕಡೆಯ ವೆಲ್ಡರ್ ಮಾತಾಡುವವನಲ್ಲ. ತಟ್ಟೆ ಖಾಲಿ ಮಾಡುವುದೇ ಅವನ ಹೊಗಳಿಕೆ.

ಕಳೆದ ವರ್ಷ ಖಾಲಿಯಾದ ಕೋಣೆಗೆ ಧಾರವಾಡದ ಬದಿಯವರೊಬ್ಬರು ಬಂದರು. ರಾಸ್ ಲಫಾನ್‌ನಲ್ಲಿ ನಾನು ಇನ್‌ಸ್ಟ್ರುಮೆಂಟ್ ಎಂಜಿನಿಯರ್ ಆಗಿರುವ ಗ್ಯಾಸ್ ಪ್ಲಾಂಟಿನಲ್ಲೇ ಅವರಿಗೆ ಪ್ಲಾನಿಂಗ್ ವಿಭಾಗದ ಕೆಲಸ. ವಯಸ್ಸಿನಲ್ಲಿ ಹಿರಿಯರು, ಆದ್ದರಿಂದ ಕಾಕಾ ಎಂದು ಕರೆದೆವು. ಬಂದ ವಾರವೇ, ನಾನು ಮಾಡಿದ ಊಟಕ್ಕೆ ಕೂತು ಕೇಳಿದರು.

"ನಿಮ್ಮ ಅಡ್ಡೆಸರೇನ್ರಿ?"

ನಮ್ಮ ಉತ್ತರ ಕರ್ನಾಟಕದ ಕಡೆ ಇದು ಮೊದಲ ಪ್ರಶ್ನೆ. ಅಡ್ಡಹೆಸರು, ಅಂದರೆ ಮನೆತನದ ಹೆಸರು, ಗೊತ್ತಾದರೆ ಮನುಷ್ಯ ಎಲ್ಲಿಯವನೆಂದು ಗೊತ್ತಾಗುತ್ತದೆ. ಬಡಿಗೇರ ಎಂದರೆ ಬಡಗಿಯ ಮನೆ, ಕಂಬಾರ ಎಂದರೆ ಕುಲುಮೆ. ನನ್ನದು ಚಪ್ಪಲಿ ಹೊಲಿಯುವವರದು. ಅದನ್ನು ನಾನೆಂದೂ ಮುಚ್ಚಿಟ್ಟವನಲ್ಲ. ಹೇಳಿದೆ.

"ಹೌದೇನ್ರಿ? ಚಲೋ ಆತು" ಎಂದರು. ಕೈಯಲ್ಲಿದ್ದ ರೊಟ್ಟಿಯ ತುಂಡನ್ನು ಮಡಚಿ ತಟ್ಟೆಯ ಅಂಚಿಗೆ ಇಟ್ಟರು. ಆಮೇಲೆ ಅದನ್ನು ಮುಟ್ಟಲಿಲ್ಲ.

ಮುಂದೆ ನನ್ನ ಪಾಳಿ ಬಂದ ಶುಕ್ರವಾರ ನಾನು ಏಳುವಷ್ಟರಲ್ಲಿ ಅನ್ನ, ಸಾರು ಆಗಿಹೋಗಿತ್ತು. "ನಿಮಗ ಶಿಫ್ಟಿನ ತ್ರಾಸ ಭಾಳ. ರೆಸ್ಟ್ ತಗೊಳ್ರಿ" ಎಂದರು ಕಾಕಾ. ಅದರ ಮುಂದಿನ ಪಾಳಿಗೂ ಅದೇ ರೆಸ್ಟ್. ಉಳಿದ ಇಬ್ಬರು ನನ್ನ ಮುಖ ನೋಡಲಿಲ್ಲ, ಸಾರಿನ ಪಾತ್ರೆ ನೋಡಿದರು. ಒಲೆಯ ಮೇಲಿನ ನನ್ನ ಹಕ್ಕು ಒಂದು ಜಗಳವೂ ಇಲ್ಲದೆ ಹೋಯಿತು. ಮರಳಿ ಪಡೆಯಬೇಕು, ಅದಕ್ಕಿಂತ ಮೊದಲು ಇವರಿಗೆ ನೋಯಬೇಕು ಎಂದು ನಾನು ಅವತ್ತೇ ತೀರ್ಮಾನಿಸಿದೆ.

ಪ್ಲಾಂಟಿನಲ್ಲಿ ನನಗೂ ಕಾಕಾಗೂ ಮೇಲಧಿಕಾರಿಯಾಗಿದ್ದವನು ಉತ್ತರ ಇಂಗ್ಲೆಂಡಿನವನು. ಅವನ ಅಡ್ಡಹೆಸರು ಸೂಟರ್. ಒಂದು ಮಧ್ಯಾಹ್ನ ವಾಲ್ವ್ ಬಿಚ್ಚಲು ಪರ್ಮಿಟ್ ಬರುವುದನ್ನು ಕಾಯುತ್ತಾ ಕೂತಿದ್ದಾಗ, ನಮ್ಮ ಕಡೆಯ ಚಾಳಿಯಂತೆ, ಆ ಹೆಸರಿನ ಅರ್ಥವೇನೆಂದು ಕೇಳಿದೆ. ಅವನು ಖುಷಿಯಿಂದ ಹೇಳಿದ. ಹೊಲಿಯುವವನು ಎಂಬ ಲ್ಯಾಟಿನ್ ಪದ ಹಳೆಯ ಇಂಗ್ಲಿಷಿಗೆ ಬಂದು ಜೋಡು ಹೊಲಿಯುವವನ ಹೆಸರಾಯಿತಂತೆ. ಒಂದೇ ಹೆಸರಿನವರು ಊರಲ್ಲಿ ಹೆಚ್ಚಾದಾಗ ಗುರುತಿಗೆಂದು ಹೆಸರಿಗೆ ಕಸುಬು ಅಂಟಿಸಿದರು. ಮೊದಮೊದಲು ಅದು ಮನುಷ್ಯನ ಜೊತೆಗೇ ಸಾಯುತ್ತಿತ್ತು. ಮಗ ಬಡಗಿಯಾದರೆ ಅವನಿಗೆ ಬೇರೆ ಹೆಸರು. ಕ್ರಮೇಣ ಹೆಸರು ಗಟ್ಟಿಯಾಗಿ, ಮಗ ಕುರಿ ಕಾದರೂ ಮೊಮ್ಮಗ ಪಾದ್ರಿಯಾದರೂ ಸೂಟರ್ ಆಗಿಯೇ ಉಳಿದ. ಅಷ್ಟರಲ್ಲಿ ಇಂಗ್ಲೆಂಡಿನ ಮಾತಿನಿಂದ ಆ ಪದವೇ ಮರೆಯಾಯಿತು. ಈಗ ಅಲ್ಲಿಯೂ ಬಹಳ ಜನಕ್ಕೆ ಅರ್ಥ ಗೊತ್ತಿಲ್ಲ ಎಂದು ನಕ್ಕ.

ನಮ್ಮದಕ್ಕೆ ಆ ಭಾಗ್ಯ ಬರಲಿಲ್ಲ ಎಂದುಕೊಂಡೆ. ನನ್ನ ಅಡ್ಡಹೆಸರನ್ನು ಅವತ್ತು ಅವನಿಗೆ ಹೇಳಲಿಲ್ಲ. ಬೇಕಾಗುತ್ತದೆಂದು ಇಟ್ಟುಕೊಂಡೆ.

ಕಾಕಾಗೆ ಬಡ್ತಿಯ ಆಸೆ ಇತ್ತು. ಯುಗಾದಿಯ ಮರು ಶುಕ್ರವಾರ ಸೂಟರ್‌ನನ್ನು ಹೋಳಿಗೆ ಊಟಕ್ಕೆ ಕರೆದರು. ಅವನು ಬರಿಗೈಯಲ್ಲಿ ಬರಲಿಲ್ಲ; ತಾನೇ ನಾದಿ ಸುಟ್ಟ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು ತಂದಿದ್ದ. ಕಾಕಾ ಎಲ್ಲರಿಗಿಂತ ಮೊದಲು ದೊಡ್ಡ ತುಂಡು ಮುರಿದುಕೊಂಡರು.

"ಎಷ್ಟ್ ಮೆತ್ತಗದ ನೋಡ್ರಿ! ಸಾಹೇಬ್ರು ಸ್ವಂತ ಕೈಲೆ ನಾದ್ಯಾರ!"

ಅವರ ಬಾಯಿ ತುಂಬುವವರೆಗೆ ಕಾದೆ. ಆಮೇಲೆ ಇಂಗ್ಲಿಷಿನಲ್ಲಿ, ನಿಮ್ಮ ಹೆಸರಿನ ಕಥೆಯನ್ನು ಇವರಿಗೂ ಹೇಳಿ ಎಂದೆ. ಅವನು ಏನನ್ನೂ ಬಿಡದೆ ಹೇಳಿದ. ಚರ್ಮ ನೆನೆಹಾಕುವುದನ್ನೂ, ತನ್ನ ಮುತ್ತಜ್ಜನವರೆಗೆ ಮನೆಯಲ್ಲಿ ಜೋಡಿನ ಅಟ್ಟೆ ಹೊಲಿಯುತ್ತಿದ್ದುದನ್ನೂ ಹೇಳಿದ. ಕಾಕಾನ ದವಡೆ ನಿಂತಿತು. ನನ್ನ ಅಡ್ಡಹೆಸರಿನ ಅರ್ಥವೂ ಅದೇ ಎಂದೆ. ಅವನು ಎದ್ದು ಬಂದು ನನ್ನ ಕೈ ಹಿಡಿದು, ಹಾಗಾದರೆ ನಾವು ನೆಂಟರು ಎಂದ. ನಾನು ಇನ್ನೊಂದು ತುಂಡು ಮುರಿದು ಕಾಕಾನ ಕೈಗೆ ಕೊಟ್ಟೆ.

"ತಗೊಳ್ರಿ ಕಾಕಾ. ಸಾಹೇಬ್ರು ನೋಡಾಕತ್ತಾರ."

ತಿಂದರು. ಅವರ ಗಂಟಲು ಒಮ್ಮೆ ಮೇಲೇರಿ ಇಳಿದದ್ದನ್ನು ಕಣ್ಣು ಮಿಟುಕಿಸದೆ ನೋಡಿದೆ. ಎಷ್ಟೋ ತಿಂಗಳಲ್ಲಿ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಅತಿಥಿ ಹೋದ ಮೇಲೆ ಕರಾವಳಿಯ ಗೆಳೆಯ ನಕ್ಕ. "ಖಲಾಸ್ ಕಾಕಾ! ನಿಮ್ಮ ಮಡಿ ಖಲಾಸ್!"

ಕಾಕಾ ಸಿಂಕಿನಲ್ಲಿ ಕೈ ತೊಳೆಯುತ್ತಿದ್ದರು. "ಅವರದು ಬ್ಯಾರೆ. ಅವರು ಸಾಹೇಬ್ರು" ಎಂದರು.

"ಮತ್ತ ನಂದು?" ಎಂದೆ.

"ನಿಂದು ಕಸಬು ಊರಾಗ ಇನ್ನೂ ಐತಲ್ಲೋ."

ನಾನು 'ನೀವು'ನಿಂದ 'ನೀನು'ಗೆ ಇಳಿದದ್ದು ಆಗ. ಅಷ್ಟು ದಿನ ಕಾದು ಹೊಡೆದ ಏಟು ಅವರಿಗೆ ತಾಗಿಯೇ ಇರಲಿಲ್ಲ. ನುಂಗಿ, ಬಾಯಿ ಮುಕ್ಕಳಿಸಿ, ಮೊದಲಿನಂತೆಯೇ ಇದ್ದರು.

ನನ್ನ ಪಾಳಿಯ ಶುಕ್ರವಾರ ಬಂದಾಗ ಕಾಕಾಗಿಂತ ಮೊದಲೇ ಎದ್ದು ಹಿಟ್ಟು ನಾದಿದೆ. ಅವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, ಮತ್ತೆ 'ನೀವು' ಎಂದೇ ಮಾತು ಶುರುಮಾಡಿದರು.

"ನೀವ್ಯಾಕ ತ್ರಾಸ್ ತಗೋತೀರಿ?"

"ಪಾಳಿ ನಂದು ಕಾಕಾ. ನೀವು ಉಣ್ತೀರೋ ಇಲ್ಲೋ, ಅಷ್ಟ ಹೇಳ್ರಿ."

"ಹೊಟ್ಟಿ ಸರಿಯಿಲ್ಲ."

"ಹೊಟ್ಟಿ ಮಾತು ಬಿಡ್ರಿ. ನಾ ಮಾಡಿದ್ದು ಉಣ್ತೀರೇನು?"

ಉಳಿದ ಇಬ್ಬರೂ ಎದ್ದು ಬಂದು ಅವರ ಹಿಂದೆ ನಿಂತಿದ್ದರು. ಕಾಕಾ ಅವರನ್ನು ನೋಡಿದರು, ತವೆಯನ್ನು ನೋಡಿದರು. "ಉಣ್ಣಂಗಿಲ್ಲ" ಎಂದರು, ಬಹಳ ಮೆಲ್ಲಗೆ.

"ಇವರಿಗೆ ಕೇಳಿಸ್ಲಿಲ್ಲ" ಎಂದೆ.

"ನೀ ಮಾಡಿದ್ದು ನಾ ಉಣ್ಣಂಗಿಲ್ಲ!"

ಕರಾವಳಿಯ ಗೆಳೆಯ ಅವರನ್ನು ಸರಿಸಿಕೊಂಡು ಒಳಗೆ ಬಂದು ಬಿಸಿ ರೊಟ್ಟಿ ಎತ್ತಿಕೊಂಡ. ಈ ಸಲ ಅವನು ಏನೂ ತಮಾಷೆ ಮಾಡಲಿಲ್ಲ. ವೆಲ್ಡರ್ ಮಾತ್ರ ಹಸಿವಿಲ್ಲವೆಂದು ಕೋಣೆಗೆ ಹೋದ. ಅವನದನ್ನೂ ನಾನು ಮರೆತಿಲ್ಲ. ಕಾಕಾ ಬಿಸಿಲಲ್ಲಿ ಕೆಫೆಟೇರಿಯಾಕ್ಕೆ ನಡೆದು, ಪರೋಟ ಕಟ್ಟಿಸಿಕೊಂಡು ಬಂದು ಬಾಗಿಲು ಹಾಕಿಕೊಂಡು ತಿಂದರು.

ಕ್ಷಮಿಸು ಎಂದು ಕೆಲವರು ಹೇಳುತ್ತಾರೆ. ಯಾಕೆ ಕ್ಷಮಿಸಬೇಕೋ ನನಗೆ ತಿಳಿಯದು. ಪಾಳಿ ಈಗ ನನ್ನದೇ. ಪ್ರತಿ ಸಲ ರೊಟ್ಟಿ ಆದ ಮೇಲೆ ಅವರ ಬಾಗಿಲು ಬಡಿದು, ಎಲ್ಲರಿಗೂ ಕೇಳುವಂತೆ, "ಕಾಕಾ, ಊಟಕ್ಕ ಬರ್ರಿ" ಎಂದು ಕರೆಯುತ್ತೇನೆ. ಅವರು ಒಲ್ಲೆ ಎಂದು ಬಾಯಿಬಿಟ್ಟು ಹೇಳುವವರೆಗೆ ಅಲ್ಲಿಂದ ಕದಲುವುದಿಲ್ಲ.