ಹಕ್ಕು ಬಿಟ್ಟದ್ದಕ್ಕೆ ಬಂದ ಕಾರು

ಹಚ್ಚೊಳ್ಳಿಯಲ್ಲಿ ಅಪ್ಪನ ಭತ್ತದ ಗದ್ದೆಯಿತ್ತು, ಕಾಲುವೆ ನೀರಿನದು. ಅದರಲ್ಲಿ ನನಗೂ ಪಾಲಿತ್ತು. ಅಪ್ಪ ತೀರಿ ವರ್ಷ ತುಂಬುವ ಮೊದಲೇ ಅಣ್ಣ ಹಕ್ಕು ಬಿಡುಗಡೆ ಪತ್ರ ಬರೆಸಿದ. ಸಿರುಗುಪ್ಪದ ಸಬ್‌ ರಿಜಿಸ್ಟ್ರಾರ್ ಕಚೇರಿಯಲ್ಲಿ ನಾನು ಹೆಬ್ಬೆಟ್ಟು ಒತ್ತಿ, ಸಹಿ ಹಾಕಿ, ಕ್ಯಾಮೆರಾಕ್ಕೆ ಮುಖ ಕೊಟ್ಟು ಹೊರಗೆ ಬಂದೆ. ಬೇವಿನ ಮರದ ಕೆಳಗೆ ಅಣ್ಣ ತನ್ನ ಬಿಳಿ ಕಾರಿನ ಕೀಲಿಕೈಯನ್ನು ನನ್ನ ಅಂಗೈಯಲ್ಲಿಟ್ಟ.

"ಇನ್ನ ಮ್ಯಾಲೆ ಬಸ್ಸಿನಾಗ ನಿಂತು ಹೋಗಬ್ಯಾಡವ್ವ. ಇದು ನಿಂದು."

ನಾನು ಆಗ ಬಳ್ಳಾರಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡು ದಿನಾ ಕುರುಗೋಡಿನ ಹೈಸ್ಕೂಲಿಗೆ ಹೋಗಿ ವಿಜ್ಞಾನ ಪಾಠ ಮಾಡಿ ಬರುತ್ತಿದ್ದೆ. ಕೀಲಿಕೈ ಹಿಡಿದು ಅಲ್ಲಿಯೇ ಅತ್ತುಬಿಟ್ಟೆ. ನಮ್ಮ ಕಡೆ ಇದೇ ಸಹಿ ಹಾಕಿದ ಹೆಣ್ಣುಮಕ್ಕಳಿಗೆ ಒಂದು ಸೀರೆ, ಒಂದು ಕುಪ್ಪಸದ ಕಣ ಕೊಟ್ಟು ಕಳಿಸುತ್ತಾರೆ. ನನಗೆ ಕಾರು ಬಂದಿತ್ತು. ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಅಣ್ಣನನ್ನು ಹೊಗಳಿದೆ. ಸಹಿ ಹಾಕಿದ್ದಕ್ಕೆ ನನಗೆ ಇಂದಿಗೂ ನಾಚಿಕೆಯಿಲ್ಲ. ಆ ಹೊಗಳಿಕೆ ನೆನಪಾದರೆ ಮಾತ್ರ ಮೈ ಮುದುಡುತ್ತದೆ.

ಕಾರು ಕೊಡುವಾಗ ಅಣ್ಣ ಒಂದೇ ಮಾತು ಹೇಳಿದ್ದ: "ಸ್ವಲ್ಪ ನೀರು ಕುಡಿತೈತಿ. ಎರಡು ದಿನಕ್ಕೊಮ್ಮೆ ರೇಡಿಯೇಟರಿಗೆ ಹಾಕ್ತಿರು. ಹಳೇ ಗಾಡಿ ಅಂದ್ರ ಅಷ್ಟ."

ನಾನು ಡಿಕ್ಕಿಯಲ್ಲಿ ಐದು ಲೀಟರಿನ ಕ್ಯಾನು ಇಟ್ಟುಕೊಂಡೆ. ನಮ್ಮ ಬೋರಿನ ಉಪ್ಪು ನೀರನ್ನೇ ಹಾಕುತ್ತ ಬಂದೆ.

ನಾಲ್ಕನೇ ತಿಂಗಳಲ್ಲಿ ಆ ಸದ್ದು ಶುರುವಾಯಿತು. ಬೆಳಿಗ್ಗೆ ಹೊರಡುವಾಗ ಇರುತ್ತಿರಲಿಲ್ಲ. ಸಂಜೆ ವಾಪಸು ಬರುತ್ತ, ಎಂಜಿನ್ ಚೆನ್ನಾಗಿ ಕಾದಿರುವಾಗ, ರೈಲ್ವೆ ಮೇಲ್ಸೇತುವೆ ಏರಲು ಕಾಲು ಒತ್ತಿದರೆ ಬಾನೆಟ್ಟಿನೊಳಗೆ ತಗಡಿನ ಡಬ್ಬಿಯಲ್ಲಿ ಗೋಲಿ ಹಾಕಿ ಅಲ್ಲಾಡಿಸಿದಂತೆ ಕಟಕಟ ಅನ್ನುತ್ತಿತ್ತು. ಕಾಲು ತೆಗೆದರೆ ನಿಲ್ಲುತ್ತಿತ್ತು. ಅಣ್ಣನಿಗೆ ಫೋನ್ ಮಾಡಿದೆ.

"ನಿನಗ ಗೇರ್ ಹಾಕಾಕ ಬರಂಗಿಲ್ಲ," ಅಂದ. "ನನ್ನ ಕೈಯಾಗ ಒಂದಿನಾನೂ ಸದ್ದು ಮಾಡಿಲ್ಲ ಆ ಗಾಡಿ."

ನನ್ನ ಗಂಡನೂ ಪಕ್ಕದಲ್ಲಿ ಕೂತು ಒಮ್ಮೆ ಕೇಳಿ, ಎಲ್ಲ ಗಾಡಿಯೂ ಹೀಗೇ ಅನ್ನುತ್ತವೆ ಎಂದು ರೇಡಿಯೋ ಜೋರು ಮಾಡಿದ. ನಾನು ಗೇರು ಇಳಿಸಿ ಓಡಿಸುವುದನ್ನು ಕಲಿತೆ. ಪೆಟ್ರೋಲ್ ಬಂಕು ಬದಲಿಸಿದೆ. ತಪ್ಪು ನನ್ನದೇ ಎಂದು ನಂಬಿಕೊಂಡು ಎರಡು ತಿಂಗಳು ಕಳೆದೆ. ಆಮೇಲೆ ಒಂದು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟು ಬರುತ್ತ, ಕುರುಗೋಡು ದಾಟಿ ಎರಡು ಕಿಲೋಮೀಟರ್ ಆಗಿರುವಾಗ, ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಗೆ ಏರಿತು. ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಮೆಣಸಿನಕಾಯಿ ಹೊಲದ ಪಕ್ಕ ನಿಲ್ಲಿಸಿ, ಬಿಸಿಲಲ್ಲಿ ಒಂದು ತಾಸು ಕೂತೆ.

ನಮ್ಮ ಶಾಲೆಯ ಗಣಿತದ ಮೇಷ್ಟ್ರು ಕಂಟೋನ್ಮೆಂಟಿನ ಒಬ್ಬ ಮಿಸ್ತ್ರಿಯ ವಿಳಾಸ ಕೊಟ್ಟರು. ಹಳೆಯ ಬಂಗಲೆಯ ಕಾಂಪೌಂಡಿಗೆ ಅಂಟಿದ ತಗಡಿನ ಶೆಡ್ಡು. ಅರವತ್ತು ದಾಟಿದ ಮುಸಲ್ಮಾನ ಹಿರಿಯರು, ಬಿಳಿ ಗಡ್ಡಕ್ಕೂ ಆಯಿಲ್ ತಾಗಿತ್ತು. ಕಾರು ಮುಟ್ಟುವ ಮೊದಲು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದರು.

"ಸದ್ದು ಹೆಂಗ ಬರ್ತೈತಿ, ಹೇಳ್ರಮ್ಮಾ. ತಣ್ಣಗಿದ್ದಾಗೋ, ಕಾದ ಮ್ಯಾಲೋ? ಎಳಿಯುವಾಗೋ, ನಿಂತಾಗೂ ಬರ್ತೈತೋ?"

ನಾನು ಎಲ್ಲ ಹೇಳಿದೆ. ಅವರು ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ, "ನಿಮ್ಮ ಕಿವಿ ಸರಿ ಐತಿ. ಬೇರಿಂಗ್ ಹೋಗಿದ್ರ ಸದ್ದು ದಪ್ಪ ಇರ್ತಿತ್ತು, ನಿಂತಾಗೂ ಬಡೀತಿತ್ತು. ಇದು ಬ್ಯಾರೆ. ಗಾಡಿ ಇಲ್ಲೇ ಬಿಡ್ರಿ, ಮುಂಜಾನಿ ತಣ್ಣಗಿರುವಾಗ ನೋಡೋಣು," ಅಂದರು.

ಮರುದಿನ ಬೆಳಿಗ್ಗೆ ನನ್ನೆದುರೇ ರೇಡಿಯೇಟರಿನ ಮುಚ್ಚಳ ತೆಗೆದು, ಕಂಠಮಟ್ಟ ನೀರು ತುಂಬಿ, ಎಂಜಿನ್ ಚಾಲೂ ಮಾಡಿದರು. ಅರೆ ನಿಮಿಷದೊಳಗೆ ನೀರಿನಲ್ಲಿ ಗುಳ್ಳೆ ಏಳತೊಡಗಿದವು, ಅನ್ನಕ್ಕಿಟ್ಟ ಎಸರಿನ ಹಾಗೆ.

"ಕೈ ಇಟ್ಟು ನೋಡ್ರಿ, ನೀರಿನ್ನೂ ತಣ್ಣಗೈತಿ. ಕುದಿಯಾಕತ್ತಿಲ್ಲ ಅದು. ಒಳಗ ಪೆಟ್ರೋಲು ಸುಟ್ಟ ಗ್ಯಾಸು ನೀರಿನ ದಾರಿಗೆ ನುಗ್ಗಾಕತ್ತೈತಿ."

ಆಮೇಲೆ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತು ಮತ್ತೆ ಹಾಕುತ್ತ ಹೋದರು. ಮೊದಲನೆಯದು, ಎರಡನೆಯದು ಕಿತ್ತಾಗ ಗುಳ್ಳೆ ಹಾಗೇ ಇದ್ದವು. ಮೂರನೆಯದು ಕಿತ್ತೊಡನೆ ತಗ್ಗಿದವು. ಎಂಜಿನ್ ನಿಲ್ಲಿಸಿ ನಾಲ್ಕೂ ಪ್ಲಗ್ಗು ಬಿಚ್ಚಿ ನನ್ನ ಮುಂದೆ ಸಾಲಾಗಿಟ್ಟರು. ಮೂರು ಪ್ಲಗ್ಗುಗಳ ತುದಿ ಕಂದು. ಮೂರನೇ ಸಿಲಿಂಡರಿನದು ಮಾತ್ರ ತಿಕ್ಕಿ ತೊಳೆದಷ್ಟು ಸ್ವಚ್ಛ.

"ಈ ಸಿಲಿಂಡರಿನಾಗ ನೀರು ಹೊಕ್ಕು ಹಬಿ ಆಗಿ ಪ್ಲಗ್ಗು ತೊಳದೈತಿ. ಹೆಡ್ ಗ್ಯಾಸ್ಕೆಟ್ ಹೋಗೇತಮ್ಮಾ, ಎಂಜಿನ್ನಿಗೂ ಅದರ ಮ್ಯಾಲಿನ ಹೆಡ್ಡಿಗೂ ನಡುವಿನ ಪದರು. ನೀರು ಕಡಿಮಿ ಆದ್ರ ಒಳಗ ಬಿಸಿ ಏರ್ತೈತಿ, ಪೆಟ್ರೋಲು ಹೊತ್ತಲ್ಲದ ಹೊತ್ತಿಗೆ ತಾನಾಗೇ ಹೊತ್ತಿಕೊಂತೈತಿ. ನೀವು ಕೇಳಿದ್ದು ಅದ."

ಮೂರು ದಿನ ಬಿಟ್ಟು ಮತ್ತೆ ಕರೆದರು. ಹೆಡ್ಡನ್ನು ಬಿಚ್ಚಿ ಬೆಂಚಿನ ಮೇಲೆ ಅಂಗಾತ ಮಲಗಿಸಿದ್ದರು. ಅದರ ಮೇಲೆ ಉಕ್ಕಿನ ಅಳತೆಪಟ್ಟಿ ನಿಲ್ಲಿಸಿ, ಬಗ್ಗಿ ನೋಡಲು ಹೇಳಿದರು. ನಡುವೆ ಪಟ್ಟಿಯ ಕೆಳಗಿನಿಂದ ಬೆಳಕು ಕಾಣುತ್ತಿತ್ತು. ಹೆಡ್ಡು ಕಾದು ಸೊಟ್ಟಗಾಗಿತ್ತು. ಅಂಚಿನುದ್ದಕ್ಕೂ ಕೆಂಪು ಪೇಸ್ಟು ಗಟ್ಟಿಯಾಗಿ ಅಂಟಿತ್ತು.

"ಇದನ್ನ ಮೊದಲೊಮ್ಮೆ ಬಿಚ್ಚ್ಯಾರ," ಅಂದರು. "ಸೊಟ್ಟ ಆಗಿದ್ದು ಆವಾಗ್ಲೇ ಕಂಡಿರ್ತೈತಿ. ಲೇತಿಗೆ ಕಳಿಸಿ ಸಮ ಮಾಡಸಬೇಕಿತ್ತು. ಅದನ್ನ ಬಿಟ್ಟು ಪೇಸ್ಟು ಬಳದು ಮುಚ್ಚ್ಯಾರ. ನಾಕು ತಿಂಗಳು ನಡದ್ರ ಸಾಕು ಅಂತ, ಗಾಡಿ ದಾಟಿಸೋರು ಮಾಡೋ ಕೆಲಸ. ಯಾರ ಕಡೆ ತೊಗೊಂಡ್ರಿ?"

"ಪರಿಚಯದವರ ಕಡೆ," ಅಂದೆ. ಅಣ್ಣ ಎನ್ನಲು ಬಾಯಿ ಬರಲಿಲ್ಲ. ಅವರು ನನ್ನ ಮುಖ ನೋಡಿ, ಚಿಂದಿಯಲ್ಲಿ ಕೈ ಒರೆಸಿಕೊಂಡು ಬೇರೆ ಮಾತು ತೆಗೆದರು.

ಆ ಭಾನುವಾರ ಬಸ್ಸು ಹಿಡಿದು ಸಿರುಗುಪ್ಪಕ್ಕೆ ಹೋಗಿ, ಅಲ್ಲಿಂದ ಹಚ್ಚೊಳ್ಳಿಗೆ ಹೋದೆ. ಅಣ್ಣ ಊಟಕ್ಕೆ ಕೂತಿದ್ದ. ಅವ್ವ ಬಡಿಸುತ್ತಿದ್ದಳು. ಮೊಬೈಲಿನಲ್ಲಿ ಹೆಡ್ಡಿನ ಫೋಟೋ ತೆರೆದು ಅವನ ತಾಟಿನ ಪಕ್ಕ ಇಟ್ಟೆ.

"ಏನಿದು?"

"ನೀ ಕೊಟ್ಟ ಗಾಡೀದು. ಇದನ್ನ ಮೊದಲ ಬಿಚ್ಚಿಸಿದ್ದು ನಿನಗ ಗೊತ್ತಿತ್ತಲ್ಲ?"

ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ. "ಗೊತ್ತಿತ್ತು."

ಅಷ್ಟು ಸಲೀಸಾಗಿ ಒಪ್ಪುತ್ತಾನೆಂದು ನಾನು ಎಣಿಸಿರಲಿಲ್ಲ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳೆಲ್ಲ ಅವನು ಸುಳ್ಳು ಹೇಳುತ್ತಾನೆ ಎಂಬ ಲೆಕ್ಕದ ಮೇಲಿದ್ದವು.

"ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ಸೈ ಮಾಡ್ತಿದ್ದೇನು?"

ಕಾರಿಲ್ಲದೆ, ಸೀರೆಯಿಲ್ಲದೆ, ಅವನು ಬಂದು ಒಂದು ಲೋಟ ನೀರು ಕುಡಿದು ಕೇಳಿದ್ದರೂ ನಾನು ಸಹಿ ಹಾಕುತ್ತಿದ್ದೆ. ನನ್ನನ್ನು ಎತ್ತಿ ಬೆಳೆಸಿದ ಅಣ್ಣ. ಇಷ್ಟು ವರ್ಷದಲ್ಲಿ ಅದು ಅವನಿಗೆ ತಿಳಿದಿರಲಿಲ್ಲ. ಈಗ ಹೇಳಿ ಏನು ಬಂತೆಂದು ಹೇಳಲಿಲ್ಲ. ಅವ್ವನ ಕಡೆ ತಿರುಗಿದೆ. ಅವಳು ಸಾರಿನ ಸೌಟು ಹಿಡಿದು ನೆಲ ನೋಡುತ್ತಿದ್ದಳು.

"ನಿನಗೂ ಗೊತ್ತಿತ್ತೇನವ್ವಾ?"

"ನಾ ಇವನ ಮನ್ಯಾಗ ಇರಾಕಿ," ಅಂದಳು. ಇನ್ನೊಂದು ತಾಟು ಎಳೆದಿಟ್ಟು, "ಕುಂದರು, ಉಣ್ಣು," ಅಂದಳು.

ನಾನು ಕೂರಲಿಲ್ಲ. ಉರಿಬಿಸಿಲಲ್ಲಿ ನಿಲ್ದಾಣಕ್ಕೆ ನಡೆದೆ. ಹಿಂದಿನಿಂದ ಯಾರೂ ಕರೆಯಲಿಲ್ಲ.

ಆ ಹೆಡ್ಡಿನಲ್ಲಿ ಬಿರುಕೂ ಕಂಡಿತು. ಮಿಸ್ತ್ರಿ ಎಲ್ಲಿಂದಲೋ ಬೇರೊಂದು ಹೆಡ್ಡು ತಂದು, ಲೇತಿನಲ್ಲಿ ಸಮ ಮಾಡಿಸಿ, ಹೊಸ ಗ್ಯಾಸ್ಕೆಟ್ ಕೂರಿಸಿದರು. ಬೋರಿನ ನೀರು ಹಾಕಬೇಡಿ ಎಂದು ಹಸಿರು ಕೂಲಂಟಿನ ಡಬ್ಬಿ ಕೊಟ್ಟರು. ಗಾಡಿ ಈಗ ಚೆನ್ನಾಗಿಯೇ ಓಡುತ್ತಿದೆ. ಅದರ ಮೇಲಿನ ಪ್ರೀತಿ ಮಾತ್ರ ಹೋಯಿತು. ತೊಳೆಯುವುದನ್ನೂ ಬಿಟ್ಟಿದ್ದೇನೆ.

ಈ ಸಲ ನಾಗರಪಂಚಮಿ ಹಬ್ಬಕ್ಕೆ ತವರಿಗೆ ಕರೆಯಲು ಅಣ್ಣ ಬಳ್ಳಾರಿಗೆ ಬಂದ. ಅಂಥದೇನೂ ಆಗಿಲ್ಲ ಎಂಬಂತೆ ಕೂತು ಚಹಾ ಕುಡಿದ. ಪರೀಕ್ಷೆ ಪೇಪರು ತಿದ್ದುವುದಿದೆ, ಬರುವುದಕ್ಕಾಗುವುದಿಲ್ಲ ಎಂದೆ. ಆ ತಿಂಗಳು ಪರೀಕ್ಷೆಯೇ ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಹೋಗುವಾಗ ಗೇಟಿನ ಬಳಿ ನಿಂತು ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟ.

"ಈಗ ಬಿಸಿ ಆಗಂಗಿಲ್ಲಲ್ಲ?"

"ಇಲ್ಲ."

"ಛಲೋ ಆತು ಬಿಡು. ಗಟ್ಟಿ ಗಾಡಿ ಅದು," ಅಂದ, ತಾನೇ ನಿಂತು ರಿಪೇರಿ ಮಾಡಿಸಿದವನ ಹಾಗೆ.

ನಾನು ಗೇಟು ಹಾಕಿಕೊಂಡೆ. ಹಬ್ಬದ ದಿನ ಅವ್ವನ ಫೋನು ಎರಡು ಸಲ ಬಂತು. ಎತ್ತಲಿಲ್ಲ.