ಬಲತೋಳಿಗೆ ಹಾಕಿಸಿಕೊಂಡ ಲಸಿಕೆ

ಹರಿಹರದಲ್ಲಿ ಅಣ್ಣನ ಮನೆಯಲ್ಲಿದ್ದ ನನ್ನವ್ವ ಊಟ ಬಿಟ್ಟು ವಾರವಾಗಿತ್ತು. ಗಂಜಿ ಕೊಟ್ಟರೆ ಉಗುಳುತ್ತಿದ್ದಳು. ಮಗಳು ಬಂದು ಬಿಸಿ ರೊಟ್ಟಿ ತಟ್ಟಿಕೊಟ್ಟರೆ ಮಾತ್ರ ಉಣ್ಣುತ್ತೇನೆಂದು ಹಟ. ಕಣ್ಣು ಮಂಜಾಗಿ ಮನುಷ್ಯರ ಗುರುತು ಹತ್ತುತ್ತಿರಲಿಲ್ಲ. ರೊಟ್ಟಿಯ ಗುರುತು ಬೆರಳಲ್ಲಿ ಉಳಿದಿತ್ತು. ಕೊರೋನಾ ಕಾಲ. ಅತ್ತಿಗೆ ಫೋನಿನಲ್ಲಿ, "ಲಸಿಕೆ ಹಾಕಿಸ್ಕೊಂಡೇ ಬಾರವ್ವ, ಇಲ್ಲಾಂದ್ರೆ ಬಾಗ್ಲು ತೆಗಿಯಲ್ಲ" ಎಂದಳು.

ದಾವಣಗೆರೆಯಲ್ಲಿ ನಮ್ಮ ಸರಸ್ವತಿ ನಗರದ ಹತ್ತಿರವೇ ಹಾಕುತ್ತಿದ್ದರು. ಪೂಜೆ ಮುಗಿಸಿ ಹೋದೆ. ನರ್ಸಮ್ಮ ಎಡತೋಳು ಕೇಳಿದರು. ನಾನು ಬಲತೋಳು ಮುಂದೆ ಮಾಡಿದೆ.

"ರೊಟ್ಟಿ ತಟ್ಟೋ ಕೈ ಅಲ್ಲೇನ್ರಿ? ನಾಳೆ ಎತ್ತಾಕೆ ಬರಲ್ಲ, ಎಡಕ್ಕೆ ಹಾಕಿಸ್ಕಳ್ರಿ."

"ಉಕ್ಕಡಗಾತ್ರಿ ಅಜ್ಜಯ್ಯನ ಪ್ರಸಾದ ಇದ್ದಂಗೆ ಇದು. ಎಡಗಡೆ ಹೆಂಗ್ ತಗಳ್ಳಲಿ? ಬ್ಯಾಡ್ರಿ, ಬಲಕ್ಕೇ ಹಾಕ್ರಿ."

ಸೂಜಿ ಚುಚ್ಚಿದ್ದೇ ಗೊತ್ತಾಗಲಿಲ್ಲ. ಅದೂ ಅಜ್ಜಯ್ಯನ ದಯೆ ಅಂದುಕೊಂಡೆ.

ಮರುದಿನ ತೋಳು ಕಲ್ಲಾಗಿತ್ತು. ಹೆರಳು ಹಾಕಿಕೊಳ್ಳಲು ಕೈ ಕಿವಿಯವರೆಗೂ ಏರಲಿಲ್ಲ. ಅವ್ವನ ಒಂದೆರಡು ರೊಟ್ಟಿಗೆ ಸಾಲುವಷ್ಟು ಕಸುವು ಉಳಿಸಿಕೊಂಡು ಬಸ್ಸು ಹತ್ತಬೇಕೆಂದಿದ್ದೆ. ಅಷ್ಟರಲ್ಲಿ ಅತ್ತೆ ಜೋಳದ ಹಿಟ್ಟಿನ ಡಬ್ಬಿ ತಂದು ನನ್ನ ಮುಂದಿಟ್ಟರು. ಮಧ್ಯಾಹ್ನ ನಾದಿನಿಯ ಬೀಗರು ಬರುವವರಿದ್ದರು.

"ನಲವತ್ತು ತಟ್ಟಿಟ್ಟು ಹೋಗು."

"ಕೈ ಬಾತೈತೆ ಅತ್ತೆ. ಖಾನಾವಳಿಯಿಂದ ತರ್ಸಿದ್ರೆ?"

"ಊರಿಗೆಲ್ಲ ಚುಚ್ಯಾರೆ, ನೋವು ನಿನಗೊಬ್ಬಾಕಿಗೇ ಬಂತಾ? ತೌರಿಗೆ ಹೋಗಾಕೆ ಕಾಲು ಬರ್ತಾವೆ, ತಟ್ಟಾಕೆ ಕೈ ಬರಲ್ಲ!"

ನಮ್ಮವರು ಪೇಪರಿನಿಂದ ತಲೆ ಎತ್ತದೆ, "ಜಲ್ದಿ ಮುಗ್ಸು, ಬಸ್ ತಪ್ಪುತ್ತೆ" ಎಂದರು.

ತಟ್ಟಿದೆ. ಹತ್ತಕ್ಕೆ ಭುಜ ಉರಿಯಿತು, ಇಪ್ಪತ್ತಕ್ಕೆ ಬೆರಳು ಜೋಮು ಹಿಡಿಯಿತು. ಅತ್ತೆ ಪಕ್ಕದಲ್ಲೇ ಕೂತು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ದಪ್ಪಗಾದ ಎರಡನ್ನು ತೆಗೆದಿಟ್ಟು ಮತ್ತೆರಡು ತಟ್ಟಿಸಿದರು. ಒಂದೂ ಹರಿಯಲಿಲ್ಲ, ದೇವರು ಅಷ್ಟು ಕಾಪಾಡಿದ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟೂ ಸಿಕ್ಕಿತು.

ಹರಿಹರದಲ್ಲಿ ಅತ್ತಿಗೆ ಹಿಟ್ಟು ಕಲಸಿ, ಹಂಚು ಕಾಯಿಸಿ ಇಟ್ಟಿದ್ದಳು. ಅವ್ವ ಗೋಡೆಗೆ ಒರಗಿ ಕೂತಿದ್ದಳು. ಉಂಡೆ ಮಾಡಿ ತಟ್ಟಲು ಹೋದೆ, ಬಲಗೈ ಏಳಲಿಲ್ಲ. ಬೆಳಗಿನದನ್ನು ಅತ್ತಿಗೆಗೆ ಹೇಳಿದೆ.

"ಗಂಡನ ಮನಿಗೆ ನಲವತ್ತು, ಹಡೆದಾಕಿಗೆ ಒಂದೂ ಇಲ್ಲ. ಭೇಷ್ ಮಗಳು!"

ಪ್ರಸಾದಕ್ಕೆ ಬೇಡವೆಂದ ಎಡಗೈಯಲ್ಲೇ ತಟ್ಟಿದೆ. ಒಂದು ಕಡೆ ದಪ್ಪ, ಇನ್ನೊಂದು ಕಡೆ ಹರಕು. ಬೇಯಿಸಿ ಅವ್ವನ ಮುಂದಿಟ್ಟೆ. ಅವಳು ಅಂಚಿನುದ್ದಕ್ಕೂ ಬೆರಳಾಡಿಸಿದಳು.

"ಇದು ನನ್ನ ಮಗಳ ಕೈದಲ್ಲ. ಆಕಿ ಬರ್ಲಿ, ಉಣ್ತೀನಿ."

"ಅವ್ವ, ನಾನೇ ಬಂದೀನಿ."

"ಎಲ್ಲಾರೂ ಹಂಗೇ ಅಂತಾರೆ" ಎಂದು ತಟ್ಟೆ ದೂಡಿದಳು.

ಸಂಜೆ ಬಸ್ಸಿಗೆ ವಾಪಸು ಬಂದೆ. ಬೀಗರು ಉಂಡ ಪಾತ್ರೆಗಳು ನನಗಾಗಿ ಕಾದಿದ್ದವು.

ಮೂರನೆಯ ದಿನ ತೋಳು ಹಗುರವಾಯಿತು. ಇನ್ನೊಮ್ಮೆ ಹರಿಹರಕ್ಕೆ ಹೋಗಿ ಬರುತ್ತೇನೆಂದೆ. "ನಿನ್ನೆ ಹೋಗಿದ್ಯಲ್ಲ, ದಿನಾ ಏನೈತೆ ಅಲ್ಲಿ?" ಎಂದರು ಅತ್ತೆ. ಅವ್ವ ಎರಡು ಚಮಚ ಹಾಲು ನುಂಗಿದಳೆಂದು ಅತ್ತಿಗೆ ಫೋನ್ ಮಾಡಿದಳು. ದೇವರಿಗೆ ಕೈ ಮುಗಿದೆ.

ಆವತ್ತು ರೊಟ್ಟಿ ಹಾಳೆಯಂತೆ ತೆಳ್ಳಗೆ ಬಂದವು. ಮನೆಯವರೆಲ್ಲ ಉಂಡರು.