ಸೀಲು ಬೀಳದ ಪುಟ

"ಇದು ಆಗೋ ಮಾತಲ್ಲ ಕಣಮ್ಮ" ಎಂದು ಮೊದಲು ಹೇಳಿದವರು ಸೈಕಲ್ ಮೇಷ್ಟ್ರೇ. ಹೇಳುವಾಗ ನನ್ನ ಮುಖ ಸಹ ನೋಡಲಿಲ್ಲ. ಸೊಟ್ಟಗಾದ ಅಲ್ಯೂಮಿನಿಯಂ ಬೇಸಿನ್ನಿನ ಕಪ್ಪು ನೀರಿನಲ್ಲಿ ಟ್ಯೂಬು ಮುಳುಗಿಸಿ, ಗುಳ್ಳೆ ಎಲ್ಲಿಂದ ಏಳುತ್ತದೆಂದು ನೋಡುತ್ತಿದ್ದರು. ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಸೀಳಿನೊಳಗೆ ಗ್ರೀಸು ಕೂತು ಪೆನ್ನಿನಿಂದ ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಗುಳ್ಳೆ ಎದ್ದ ಜಾಗವನ್ನು ಆ ಬೆರಳಿನಿಂದಲೇ ಒತ್ತಿ ಹಿಡಿದು, ಆಮೇಲೆ ತಲೆ ಎತ್ತಿ, ನನಗೆ ಸೈಕಲ್ ತುಳಿಯಲು ಬರುತ್ತದಾ ಎಂದು ಕೇಳಿದರು.

ಬರುತ್ತಿರಲಿಲ್ಲ.

ಟ್ಯೂಬು ಕೊಟ್ಟು ಕಾಯುತ್ತಿದ್ದ ಗಿರಾಕಿಯ ಕಡೆ ತಿರುಗಿ, ನಮ್ಮ ಕಡೆಯ ತೆಲುಗು ಬೆರೆಸಿ, "ಚೂಡಪ್ಪಾ, ತುಳಿಯಕ್ಕೇ ಬರಲ್ಲ, ಸೈಕಲ್ ಮೇಲೆ ಪಿಚ್ಚರ್ ತೆಗೀತಾಳಂತೆ" ಎಂದರು. ಆತ ನಕ್ಕ. ನನಗೆ ಸಿಟ್ಟು ಬಂತು, ಆದರೆ ಅಲ್ಲಿಂದ ಹೊರಟು ಬರುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಆಗ ನಾನು ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಪತ್ರಿಕೋದ್ಯಮ ನನ್ನ ಒಂದು ವಿಷಯ. ಅಪ್ಪನ ಕಡೆಯವರಲ್ಲಾಗಲಿ ಅಮ್ಮನ ಕಡೆಯವರಲ್ಲಾಗಲಿ ಹತ್ತನೇ ಕ್ಲಾಸು ದಾಟಿದವರು ಯಾರೂ ಇರಲಿಲ್ಲ. ದಾಟಿದವಳು ನಾನೇ ಮೊದಲು ಎಂದು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಅಮ್ಮ ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಫಿಲೇಚರಿನಲ್ಲಿ ಕೆಲಸ ಮಾಡುತ್ತಿದ್ದಳು, ಈಗಲೂ ಮಾಡುತ್ತಾಳೆ. ಬಿಸಿನೀರಿನಲ್ಲಿ ಗೂಡು ತಡಕಿ ತಡಕಿ ಅವಳ ಬೆರಳಿನ ಗೆರೆಗಳೇ ಸವೆದುಹೋಗಿವೆ. ರೇಷನ್ ಅಂಗಡಿಯ ಮೆಷಿನ್ನು ಅವಳ ಹೆಬ್ಬೆಟ್ಟನ್ನು ಗುರುತು ಹಿಡಿಯುವುದಿಲ್ಲ, ನಾನೇ ಹೋಗಿ ಬೆರಳು ಒತ್ತಿ ಅಕ್ಕಿ ತರಬೇಕು. ಆ ವರ್ಷ ಡಿಗ್ರಿ ಮುಗಿಯದಿದ್ದರೆ ನಾನೂ ಅದೇ ಫಿಲೇಚರಿಗೆ ಎಂದು ಮನೆಯಲ್ಲಿ ಮೊದಲೇ ಮಾತಾಗಿತ್ತು.

ಡಿಗ್ರಿ ಮುಗಿಯಬೇಕಾದರೆ ಒಂದು ಸಾಕ್ಷ್ಯಚಿತ್ರ ಮಾಡಿ ಒಪ್ಪಿಸಬೇಕಿತ್ತು. ಅದಕ್ಕೂ ಮೊದಲು ಅದರ ಯೋಜನೆ ಬರೆದು ಒಪ್ಪಿಗೆ ಪಡೆಯಬೇಕಿತ್ತು. ಭಾನುವಾರಗಳಲ್ಲಿ ಬೆಂಗಳೂರಿನಿಂದ ಹೆಲ್ಮೆಟ್ಟು, ಬಿಗಿ ಚಡ್ಡಿ ಹಾಕಿಕೊಂಡು ಬರುವ ಸೈಕಲ್ ಸವಾರರನ್ನು ನಾನು ನೋಡುತ್ತಿದ್ದೆ. ಅಷ್ಟು ದೂರ ಯಾಕೆ ತುಳಿಯುತ್ತಾರೆ ಎಂಬುದು ನನ್ನನ್ನು ಕಾಡುತ್ತಿತ್ತು. ಅದನ್ನೇ ವಿಷಯ ಮಾಡುತ್ತೇನೆ ಎಂದಾಗ ಅಮ್ಮ ಒಲೆಯ ಮುಂದಿನಿಂದಲೇ, ನಮ್ಮೂರ ಸೈಕಲ್ ಮೇಷ್ಟ್ರು ವಯಸ್ಸಿನಲ್ಲಿ ಸೈಕಲ್ಲಿನಲ್ಲೇ ದಿಲ್ಲಿಗೆ ಹೋಗಿ ಬಂದರಂತೆ, ನಂಬೋರು ನಂಬ್ತಾರೆ, ನಗೋರು ನಗ್ತಾರೆ ಎಂದಳು. ನಾನು ಅದನ್ನೇ ಬರೆದುಕೊಟ್ಟೆ. ನಮ್ಮ ವಿಭಾಗದ ಮುಖ್ಯಸ್ಥರು ಓದಿ ಹಾಳೆ ವಾಪಸ್ಸು ಕೊಟ್ಟರು. ಫೋಟೋ ಇಲ್ಲ, ಕಾಗದ ಇಲ್ಲ, ಊರಿನ ಮಾತು ಸಾಕ್ಷಿ ಆಗಲ್ಲ, ಹದಿನೈದು ದಿನದಲ್ಲಿ ದಾಖಲೆ ತಾ, ಇಲ್ಲ ವಿಷಯ ಬದಲಾಯಿಸು ಎಂದರು. ಹಾಗಾಗಿ ಆ ಅಂಗಡಿಯ ಮುಂದೆ ನಿಂತಿದ್ದೆ.

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಗೂಡಿನ ಮಾರ್ಕೆಟ್ಟಿಗೆ ಹೋಗುವ ದಾರಿಯಲ್ಲಿ ಅವರದ್ದೊಂದು ಚಿಕ್ಕ ಸೈಕಲ್ ಶಾಪು. ಮೊದಲೆಲ್ಲ ಗಂಟೆ ಲೆಕ್ಕದಲ್ಲಿ ಸೈಕಲ್ ಬಾಡಿಗೆಗೆ ಕೊಡುತ್ತಿದ್ದರು. ಬಾಡಿಗೆಗೆ ತಗೊಂಡವರು ಬೀಳುವುದನ್ನು ನೋಡಲಾಗದೆ ತಾವೇ ಕಲಿಸುತ್ತಿದ್ದರು. ಅರ್ಧ ಊರು ಅವರ ಹತ್ತಿರ ಕಲಿತಿತ್ತು, ಅದಕ್ಕೇ ಮೇಷ್ಟ್ರು.

ಅವರು ಕಲಿಸುವ ರೀತಿಯೇ ಬೇರೆ. ಸೀಟು ಹಿಡಿದುಕೊಳ್ಳುತ್ತಿರಲಿಲ್ಲ. ಹೆಗಲ ಮೇಲಿನ ಟವಲನ್ನು ಕ್ಯಾರಿಯರಿಗೆ ಗಂಟು ಹಾಕಿ, ಅದರ ತುದಿ ಹಿಡಿದು ಹಿಂದೆ ಹಿಂದೆ ಬರುತ್ತಿದ್ದರು. ಟವಲು ಬಿಗಿಯಾಗಿದ್ದರೆ ಮೇಷ್ಟ್ರು ಇದ್ದಾರೆ ಎಂದು ಧೈರ್ಯ. ಅವರು ಯಾವಾಗ ಬಿಟ್ಟರೆಂದು ತುಳಿಯುವವರಿಗೆ ಗೊತ್ತೇ ಆಗುತ್ತಿರಲಿಲ್ಲ. ಮೊದಲು ತುಳಿಯೋದು ಕಲಿ, ಪಿಚ್ಚರ್ ಮಾತು ಆಮೇಲೆ ಎಂದು ಇಪ್ಪತ್ತು ದಾಟಿದ ನನಗೂ ಹಾಗೇ ಕಲಿಸಿದರು, ಸಂಜೆ ಹೊತ್ತು, ಆಟದ ಮೈದಾನದಲ್ಲಿ. ವಾಕಿಂಗಿಗೆ ಬಂದವರು ನಿಂತು ನೋಡುತ್ತಿದ್ದರು. "ಏನ್ ಮೇಷ್ಟ್ರೇ, ಅಂಗನವಾಡಿಗೆ ಲೇಟಾಗಿ ಸೇರಿಸ್ಕೊಂಡ್ರಾ?" ಎಂದು ಒಬ್ಬರು ಕೇಳಿದರು. ನೀನು ಏಳು ಸಲ ಬಿದ್ದು ಕಲಿತೆ, ಈಕೆ ಇನ್ನೂ ಮೂರು ಸಲ ಬಿದ್ದವಳೆ, ಸುಮ್ನೆ ನಡಿಯಪ್ಪ ಎಂದರು ಮೇಷ್ಟ್ರು. ಊರಿನಲ್ಲಿ ಯಾರು ಎಷ್ಟು ಸಲ ಬಿದ್ದರೆಂಬುದು ಅವರಿಗೆ ನೆನಪಿರುತ್ತಿತ್ತು. ಅದೊಂದು ಕಾರಣಕ್ಕೆ ಎಂಥ ದೊಡ್ಡ ಮನುಷ್ಯನೂ ಅವರ ಮುಂದೆ ಸ್ವಲ್ಪ ಸಣ್ಣಗಾಗಿ ಮಾತಾಡುತ್ತಿದ್ದ.

ಟವಲು ಸಡಿಲವಾಗಿ ನೆಲದಲ್ಲಿ ಎಳೆದುಕೊಂಡು ಬರುತ್ತಿರುವಾಗಲೇ ನಾನು ಮೈದಾನ ಎರಡು ಸುತ್ತು ಹಾಕಿದ ದಿನ, ಅವರು ಅಂಗಡಿಯ ಅಟ್ಟದಿಂದ ಒಂದು ಪೊಟ್ಟಣ ಇಳಿಸಿದರು. ಲಾರಿ ಟ್ಯೂಬಿನ ತುಂಡನ್ನು ಕತ್ತರಿಸಿ ಮಾಡಿದ ಚೀಲ. ಅದರೊಳಗೆ ರಟ್ಟಿನ ನೋಟ್ ಪುಸ್ತಕ.

ಪುಟ ಪುಟದಲ್ಲೂ ಸೀಲು. ಒಂದೊಂದು ಊರಿನ ಅಂಚೆ ಕಚೇರಿಯ ತಾರೀಕಿನ ಸೀಲು, ಪಕ್ಕದಲ್ಲಿ ಪೋಸ್ಟ್ ಮಾಸ್ಟರ ಸಹಿ. ತೆಲುಗು, ಮರಾಠಿ, ಹಿಂದಿ, ಇಂಗ್ಲಿಷು. ಕೆಲವಕ್ಕೆ ನೀರು ಬಿದ್ದು ನೇರಳೆ ಬಣ್ಣ ಹರಡಿತ್ತು. ಆ ಕಾಲದಲ್ಲಿ ದೂರದ ಸೈಕಲ್ ಪ್ರಯಾಣ ಹೊರಟವರು ಹೋದ ಊರಲ್ಲೆಲ್ಲ ಹೀಗೆ ಸೀಲು ಹಾಕಿಸಿಕೊಂಡು ಬರಬೇಕಿತ್ತಂತೆ. ಊರಿನ ಯುವಕರ ಸಂಘದವರು ಇವರನ್ನು ಹಾರ ಹಾಕಿ ಕಳಿಸಿದ್ದರು, ವಾಪಸ್ಸು ಬಂದ ದಿನದ ಸೀಲು ಬಿದ್ದ ಮೇಲೆ ಸರ್ಟಿಫಿಕೇಟು ಎಂದಿದ್ದರು. ನಾನು ಆತುರದಿಂದ ಪುಟ ತಿರುವಿದೆ. ಹಿಂದೂಪುರ ಇತ್ತು. ಗೌರಿಬಿದನೂರು ಇತ್ತು. ಆಮೇಲಿನ ಪುಟ ಖಾಲಿ.

ಗೌರಿಬಿದನೂರಿನಿಂದ ನಮ್ಮೂರಿಗೆ ಐವತ್ತು ಚಿಲ್ಲರೆ ಕಿಲೋಮೀಟರು. ದಿಲ್ಲಿಗೆ ಹೋಗಿ ಬಂದವರಿಗೆ ಅದೊಂದು ದಾರಿಯೇ? ನಾನು ಕೇಳಿದೆ. ಅವರು ಬೇಸಿನ್ನಿನ ನೀರು ಚೆಲ್ಲಿ, ಹೊಸ ನೀರು ತುಂಬಿ, ಆಮೇಲೆ ಹೇಳಿದರು.

ಊರೊಳಕ್ಕೆ ಬಂದಾಗ ಅಂಚೆ ಕಚೇರಿ ಇನ್ನೂ ತೆಗೆದೇ ಇತ್ತಂತೆ. ದಾರಿಯಲ್ಲಿ ಸಿಕ್ಕಿದ ಪಕ್ಕದ ಮನೆಯವರು, ನಿಮ್ಮ ಮನೆಯಲ್ಲಿ ಹುಳ ಹಣ್ಣಾಗಿದೆ, ನಿಮ್ಮವ್ವ ಒಬ್ಬಳೇ ಇದ್ದಾಳೆ ಎಂದರಂತೆ. ರೇಷ್ಮೆ ಸಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇವು ಬಿಟ್ಟು ಗೂಡು ಕಟ್ಟಲು ಹಣ್ಣಾದ ಹುಳ ಕಾಯುವುದಿಲ್ಲ. ಆರಿಸಿ ಆರಿಸಿ ಬಿದಿರಿನ ಚಂದ್ರಂಕಿ ತಟ್ಟಿಯ ಮೇಲೆ ಬಿಡದಿದ್ದರೆ ಎಲ್ಲೆಂದರಲ್ಲಿ ನೂಲು ಬಿಟ್ಟು ಇಡೀ ಬೆಳೆ ಹಾಳು. ಇವರು ಸೈಕಲನ್ನು ಗೋಡೆಗೆ ಒರಗಿಸಿ, ಕೈಕಾಲು ತೊಳೆದುಕೊಂಡು ಹುಳದ ಮನೆ ಹೊಕ್ಕರು. ಮಗ ದಿಲ್ಲಿಯಿಂದ ಬಂದಿದ್ದಾನೆಂದು ಅವರವ್ವ ತಲೆ ಎತ್ತಿ ನೋಡಲೂ ಇಲ್ಲವಂತೆ. ಆ ಮೂಲೆ ತಟ್ಟೆಯಿಂದ ಶುರು ಮಾಡು ಎಂದರಂತೆ, ಅಷ್ಟೇ. ಹೊರಗೆ ಬರುವಷ್ಟರಲ್ಲಿ ಎರಡು ದಿನ ಕಳೆದಿತ್ತು.

ಮೂರನೇ ದಿನ ಹೋದರೆ, ಹಿಂದಿನ ತಾರೀಕು ಹಾಕಲು ಬರಲ್ಲ, ಬೇಕಾದರೆ ಇವತ್ತಿನದು ಹಾಕುತ್ತೇನೆ ಎಂದರು ಪೋಸ್ಟ್ ಮಾಸ್ಟರು. ಇವರು ಬೇಡ ಎಂದರು. ಬಂದ ದಿನ ಅದಲ್ಲ, ಸುಳ್ಳು ಯಾಕೆ ಎಂಬುದು ಇವರ ವಾದ. ಸಂಘದವರು ಸರ್ಟಿಫಿಕೇಟು ಕೊಡಲಿಲ್ಲ. ಗೌರಿಬಿದನೂರಿಂದ ಈಚೆಗೆ ಬಸ್ಸಲ್ಲಿ ಬಂದವನು ಆಚೆಗೆ ರೈಲಲ್ಲಿ ಹೋಗಿರಲಿಲ್ಲ ಅಂತ ಏನು ಗ್ಯಾರಂಟಿ ಎಂದು ಊರು ಮಾತಾಡಿಕೊಂಡಿತು. ಮದುವೆ ಮನೆಗಳಲ್ಲಿ ಎಲೆ ಮುಂದೆ ಕೂತಾಗಲೂ, ಮೇಷ್ಟ್ರೇ ಇಲ್ಲಿಗೆ ಸೈಕಲ್ಲಾ ಬಸ್ಸಾ ಎಂದು ಕೇಳುವವರು ಇದ್ದರು.

ಹುಳದ ವಿಷಯ ಯಾಕೆ ಯಾರಿಗೂ ಹೇಳಲಿಲ್ಲ ಎಂದೆ. "ಹೇಳಿದ್ರೆ ನಮ್ಮವ್ವನಿಂದ ಸರ್ಟಿಫಿಕೇಟ್ ಹೋಯ್ತು ಅಂತಿದ್ರು" ಎಂದರು. ಆಮೇಲೆ ಆ ಸೀಳು ಉಗುರಿನಿಂದ ಪುಟ ಮುಟ್ಟಿ, "ಇದು ಖಾಲಿ ಅಲ್ಲ ಕಣಮ್ಮ. ಇದ್ರಲ್ಲಿ ನಮ್ಮವ್ವನ ಹುಳ ಅವೆ" ಎಂದರು.

ನೋಟ್ ಪುಸ್ತಕ ನೋಡಿದ ಮೇಲೆ ವಿಭಾಗದ ಮುಖ್ಯಸ್ಥರು ಒಪ್ಪಿಗೆ ಕೊಟ್ಟರು. ಕೊನೆಯ ಪುಟ ಯಾಕೆ ಖಾಲಿ ಎಂಬುದನ್ನು ಆ ಮನುಷ್ಯ ಕ್ಯಾಮೆರಾ ಮುಂದೆ ತಾನೇ ಹೇಳಬೇಕು ಎಂಬ ಒಂದೇ ಷರತ್ತು.

ಆಮೇಲಿನ ಒಂದು ತಿಂಗಳು ನನ್ನ ಬದುಕಿನಲ್ಲಿ ನಾನು ಅತಿ ಹೆಚ್ಚು ಕಲಿತ ಕಾಲ. ಮೂರು ವರ್ಷದ ಕಾಲೇಜನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಹಳೆಯ ಕ್ಯಾಲೆಂಡರ್ ಹಾಳೆಗಳ ಬೆನ್ನಿಗೆ ನಾವು ಚಿತ್ರದ ಯೋಜನೆ ಬರೆಯುತ್ತಿದ್ದೆವು. ನಾನು ಮೊದಲ ದೃಶ್ಯವಾಗಿ ಸೂರ್ಯೋದಯ ಬರೆದಿದ್ದೆ. ಅವರು ಹೊಡೆದು ಹಾಕಿದರು. ದೂರ ತುಳಿಯೋನು ಸೂರ್ಯನ್ನ ನೋಡಲ್ಲ, ಗುಂಡಿ ನೋಡ್ತಾನೆ, ರಸ್ತೆ ತೋರಿಸು ಎಂದರು. ಸವಾರಿಗೆ ಹೊರಡುವ ಹಾಗೆಯೇ ಚಿತ್ರಕ್ಕೂ ಯೋಜನೆ ಹಾಕಿದರು. ಎಲ್ಲಿ ನೀರು, ಎಲ್ಲಿ ನೆರಳು, ಎಲ್ಲಿ ಏರು, ಏರಿನಲ್ಲಿ ಇಳಿದು ತಳ್ಳುವುದು ಎಲ್ಲಿ. ತಳ್ಳೋದನ್ನ ಬಿಡಬೇಡ, ತಳ್ಳೋದೂ ಪ್ರಯಾಣವೇ ಎಂದು ಎರಡು ಸಲ ಹೇಳಿದರು. ನನ್ನ ಕಾಲು ಪಳಗಲಿ ಎಂದು ಒಂದು ದಿನ ದಿಬ್ಬೂರಹಳ್ಳಿಗೆ, ಇನ್ನೊಂದು ದಿನ ಕೈವಾರಕ್ಕೆ ಕಳಿಸಿದರು. ಕೈವಾರದಿಂದ ಬಸ್ಸಿನ ಮೇಲೆ ಸೈಕಲ್ ಹಾಕಿಕೊಂಡು ವಾಪಸ್ಸು ಬಂದಿದ್ದೆ. ಮುಖ ನೋಡಿಯೇ ಕಂಡುಹಿಡಿದರು, ಆದರೆ ಬೈಯಲಿಲ್ಲ. ಬಸ್ಸಲ್ಲಿ ಬಂದೆ ಅಂತ ಬರಿ, ಅಷ್ಟೇ ಎಂದರು. ಬರೆದೆ. ಆ ಹಾಳೆ ಈಗಲೂ ನನ್ನ ಹತ್ತಿರ ಇದೆ.

ಚಿತ್ರದ ಕೊನೆ ಹೀಗಿರಬೇಕಿತ್ತು. ಅವರೂ ನಾನೂ ಗೌರಿಬಿದನೂರಿನ ಅಂಚೆ ಕಚೇರಿ ಬಾಗಿಲು ತೆಗೆದ ಹೊತ್ತಿಗೆ ಸೀಲು ಹಾಕಿಸಿಕೊಂಡು ಹೊರಡುವುದು, ಮಂಚೇನಹಳ್ಳಿ, ಚಿಕ್ಕಬಳ್ಳಾಪುರ ದಾಟಿ, ಶಿಡ್ಲಘಟ್ಟದ ಅಂಚೆ ಕಚೇರಿ ಮುಚ್ಚುವುದರೊಳಗೆ ಬಂದು ಸೇರುವುದು. ಮಂಡಿ ನೋವಿನ ಮನುಷ್ಯ, ಎಪ್ಪತ್ತರ ಮೇಲೆ ವಯಸ್ಸು. ಆಗುತ್ತದಾ ಎಂದರೆ, ಈ ಸಲ ಮನೆಯಲ್ಲಿ ಹುಳ ಇಲ್ಲ ಬಿಡು ಎಂದು ನಕ್ಕರು. ದಿನ ಅವರೇ ಗೊತ್ತು ಮಾಡಿದರು, ಮುಂದಿನ ಬುಧವಾರ.

ಅದಕ್ಕೆ ಮುಂಚಿನ ಶನಿವಾರ ಕಾಲೇಜಿನಿಂದ ಬಂದು ಬಸ್ಸಿಳಿದಾಗ ಅಂಗಡಿಯ ಶಟರು ಅರ್ಧ ಇಳಿದಿತ್ತು. ಒಳಗೆ ಬೇಸಿನ್ನಿನ ನೀರಿನಲ್ಲಿ ಯಾರದೋ ಟ್ಯೂಬು ಹಾಗೇ ಇತ್ತು. ಮಧ್ಯಾಹ್ನ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲವಂತೆ. ಅವರ ಮಾತು ಒಂದೂ ನನ್ನ ಕ್ಯಾಮೆರಾದಲ್ಲಿರಲಿಲ್ಲ. ಎಲ್ಲಾ ಯೋಜನೆ ಮುಗಿಸಿಯೇ ಚಿತ್ರ ತೆಗೆಯೋಣ ಎಂದು ಕಾದಿದ್ದೆ.

ಚಿಂತಾಮಣಿಯಿಂದ ಬಂದ ಅವರ ಮಗಳು ಕಾರ್ಯವೆಲ್ಲ ಮುಗಿದ ಮೇಲೆ ನನ್ನನ್ನು ಕರೆಸಿದರು. ಅಪ್ಪ ಫೋನಿನಲ್ಲಿ ನಿನ್ನ ಬಗ್ಗೆಯೇ ಹೇಳೋರು ಎಂದು, ಟ್ಯೂಬಿನ ಚೀಲವನ್ನೂ ಆ ಟವಲನ್ನೂ ನನ್ನ ಕೈಗೆ ಕೊಟ್ಟರು. ವಿಷಯ ಬದಲಾಯಿಸಲು ಇನ್ನೂ ಅವಕಾಶ ಇದೆ ಎಂದು ಕಾಲೇಜಿನಲ್ಲಿ ಹೇಳಿದರು. ಇನ್ನೊಂದು ಬುಧವಾರ ಗೌರಿಬಿದನೂರಿನಿಂದ ನಾನು ಒಬ್ಬಳೇ ಹೊರಟೆ. ಸಹಪಾಠಿಯೊಬ್ಬಳು ಸ್ಕೂಟರಿನಲ್ಲಿ ಹಿಂದೆ ಬರುತ್ತಾ ಫೋನಿನಲ್ಲಿ ಚಿತ್ರ ತೆಗೆದಳು. ಟವಲನ್ನು ಕ್ಯಾರಿಯರಿಗೆ ಗಂಟು ಹಾಕಿಕೊಂಡಿದ್ದೆ. ಅವರು ಗುರುತು ಹಾಕಿದ ಏರಿನಲ್ಲೇ ಇಳಿದು ತಳ್ಳಿದೆ, ಅವರು ಬರೆದ ಹುಣಸೆ ಮರದ ಕೆಳಗೇ ನೀರು ಕುಡಿದೆ. ಚಿಕ್ಕಬಳ್ಳಾಪುರ ದಾಟಿದ ಮೇಲೆ ಕಾಲು ನನ್ನದಾಗಿ ಉಳಿಯಲಿಲ್ಲ. ಹಿಂದೆ ತಿರುಗಿ ಟವಲು ಬಿಗಿಯಾಗಿದೆಯಾ ಎಂದು ಒಂದು ಸಲ ನೋಡಿದ್ದೂ ನಿಜ.

ಶಿಡ್ಲಘಟ್ಟದ ಅಂಚೆ ಕಚೇರಿಯಲ್ಲಿದ್ದಾಕೆ ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಬಾಗಿಲು ಹಾಕುವ ಹೊತ್ತು ಹತ್ತಿರವಾಗಿದ್ದರೂ ನಿಂತಲ್ಲೇ ಇಡೀ ಪುಸ್ತಕ ತಿರುವಿ ನೋಡಿದರು. ಖಾಲಿ ಪುಟಕ್ಕೆ ಬಂದು, ಇಲ್ಲೇ ಹಾಕಲಾ ಎಂದು ಸೀಲು ಎತ್ತಿದರು. ಬೇಡ ಮೇಡಂ ಎಂದೆ. ಮೇಷ್ಟ್ರ ಅಕ್ಷರದಲ್ಲಿದ್ದ ಕ್ಯಾಲೆಂಡರ್ ಹಾಳೆಯನ್ನು ಮುಂದಿಟ್ಟೆ. ಗೌರಿಬಿದನೂರಿನ ಅವತ್ತಿನ ಸೀಲಿನ ಕೆಳಗೆ ಶಿಡ್ಲಘಟ್ಟದ ಅವತ್ತಿನ ಸೀಲು ಬಿತ್ತು.

ಚಿತ್ರದಲ್ಲಿ ಅವರ ಮುಖ ಇಲ್ಲ. ರಸ್ತೆ ಇದೆ, ಸೀಲುಗಳಿವೆ, ಹುಳದ ಕಥೆ ನನ್ನ ದನಿಯಲ್ಲಿದೆ. ಕೊನೆಗೆ ಖಾಲಿ ಪುಟ ತುಂಬಾ ಹೊತ್ತು ನಿಲ್ಲುತ್ತದೆ. ವಿಭಾಗದ ಮುಖ್ಯಸ್ಥರು ಷರತ್ತಿನ ಮಾತೆತ್ತಲಿಲ್ಲ. ಅಷ್ಟು ಹೊತ್ತು ಯಾಕೆ ಬಿಟ್ಟೆ ಎಂದಷ್ಟೇ ಕೇಳಿದರು, ಅದು ಖಾಲಿ ಅಲ್ಲ ಸರ್ ಎಂದೆ. ಸಹಿ ಹಾಕಿದರು. ನಮ್ಮೂರಿನಲ್ಲಿ ತೋರಿಸಿದಾಗ, ಇಲ್ಲಿಗೆ ಸೈಕಲ್ಲಾ ಬಸ್ಸಾ ಎಂದು ಕೇಳುತ್ತಿದ್ದವರೂ ಬಂದಿದ್ದರು. ಯಾರೂ ನಗಲಿಲ್ಲ.

ಡಿಗ್ರಿ ಸರ್ಟಿಫಿಕೇಟು ಕೈಗೆ ಬಂದ ದಿನ ಬಸ್ಸಿಳಿದವಳು ಒಂದೇ ಉಸಿರಿಗೆ ಮನೆಗೆ ನಡೆದೆ. ಅಮ್ಮ ಆಗ ತಾನೇ ಫಿಲೇಚರಿನಿಂದ ಬಂದಿದ್ದಳು. ಸೆರಗಿನಲ್ಲಿ ಕೈ ಒರೆಸಿಕೊಂಡು, ಮತ್ತೊಮ್ಮೆ ಒರೆಸಿಕೊಂಡು, ಎರಡೂ ಕೈಯಲ್ಲಿ ತೆಗೆದುಕೊಂಡಳು. ಅವಳಿಗೆ ಓದಲು ಬರುವುದಿಲ್ಲ. ಸೀಲು ಎಲ್ಲೈತೆ ಎಂದು ಕೇಳಿದಳು, ತೋರಿಸಿದೆ. ಯಾವ ಮೆಷಿನ್ನೂ ಗುರುತು ಹಿಡಿಯದ ಹೆಬ್ಬೆರಳನ್ನು ಅದರ ಮೇಲೆ ಮೆಲ್ಲಗೆ ಆಡಿಸಿದಳು. ಆಮೇಲೆ ಹಾಳೆಯನ್ನು ನನ್ನ ಕೈಗೇ ವಾಪಸ್ಸು ಇಟ್ಟು, ಬಾಗಿಲ ಕಡೆ ಕತ್ತು ತಿರುಗಿಸಿದಳು.

"ಮೇಷ್ಟ್ರ ಅಂಗಡಿ ಮುಂದೆ ನಿಂತು ತೋರಿಸದೇನೇ ನೀನೂ ಅವ್ರಂಗೇ ನೇರ ಮನೆಗೆ ಬಂದ್ಬಿಟ್ಯಾ? ಹೋಗು, ಹೊತ್ತು ಮುಳುಗೋಕೆ ಮುಂಚೆ ಹೋಗ್ ಬಾ."